ಹಮ್ಮಿಗಿಯವರು ಏರಿದ ಕೊಪ್ಪಳದ ಬಂಡೆ: ಮರೆವಿಗೆ ಸರಿದ ಹಳೆಯ ಏರುದಾರಿಗಳು

ಮುಂಡರಗಿ ತಾಲ್ಲೂಕಿನ ಹಮ್ಮಿಗಿ ಎಂದರೆ ಇಂದು ಹೆಚ್ಚಿನವರ ನೆನಪಿಗೆ ಬರುವುದು ತುಂಗಭದ್ರಾ ನದಿಗೆ ಅಡ್ಡಲಾಗಿ ಕಟ್ಟಿದ ಬ್ಯಾರೇಜು ಮತ್ತು ಸಿಂಗಟಾಲೂರು ಏತ ನೀರಾವರಿ ಯೋಜನೆ. ಮಳೆಗಾಲದಲ್ಲಿ ಒಳಹರಿವಿನ ಸುದ್ದಿ, ಬೇಸಿಗೆಯಲ್ಲಿ ಕಾಲುವೆಗೆ ನೀರು ಬಿಡುವ ಸುದ್ದಿ, ಹಿನ್ನೀರಿನಲ್ಲಿ ನೆಲೆ ಕಳೆದುಕೊಂಡವರ ಅಹವಾಲಿನ ಸುದ್ದಿ. ಊರಿನ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಬಹುಪಾಲು ಈ ಮೂರು ಕಾರಣಗಳಿಗೆ. ಆದರೆ ಈ ಊರಿನ ಹೆಸರು ಇತಿಹಾಸ ಸೇರಿದ್ದು ನೀರಿನಿಂದಲ್ಲ, ಮದ್ದುಗುಂಡಿನಿಂದ. 1858ರ ಮೇ ತಿಂಗಳ ಕೊನೆಯಲ್ಲಿ ಹಮ್ಮಿಗಿಯಿಂದ ಹೊರಟ ಒಂದು ಬಂಡಾಯವು ಕೊಪ್ಪಳದ ಕಡಿದಾದ ಬಂಡೆಯನ್ನೇರಿ, ಜೂನ್ 1ರಂದು ಅಲ್ಲಿಯೇ ರಕ್ತದಲ್ಲಿ ಮುಗಿಯಿತು.

ಶಿಲಾರೋಹಣ ಎಂಬುದು ಈಗ ಬಾದಾಮಿ, ಹಂಪಿ, ರಾಮನಗರಗಳಲ್ಲಿ ಹೊರಗಿನಿಂದ ಬಂದ ಯುವಜನರು ಆಡುವ ಸಾಹಸ ಕ್ರೀಡೆ ಎಂಬ ಭಾವನೆ ಬೇರೂರಿದೆ. ಆದರೆ ಗದಗ, ಕೊಪ್ಪಳ ಸೀಮೆಯ ಜನ ಬಂಡೆಯನ್ನು ಏರುತ್ತಲೇ ಬಂದವರು. ಶಾಸನ ಕೊರೆಯಲು ಏರಿದರು, ತಪಸ್ಸಿಗೆ ಏರಿದರು, ಕಾವಲಿಗೆ ಏರಿದರು, ಜೇನಿಗೆ ಏರಿದರು, ಪ್ರಾಣ ಉಳಿಸಿಕೊಳ್ಳಲು ಏರಿದರು. ಆ ದಾರಿಗಳು ಕೆಲವು ಉಳಿದಿವೆ. ಅವುಗಳಲ್ಲಿ ಇತಿಹಾಸವೂ ಕಸುಬೂ ಒಂದೇ ಕಲ್ಲಿನಲ್ಲಿ ಕೂಡಿರುವುದು ಕೊಪ್ಪಳದಲ್ಲಿ.

ಹಮ್ಮಿಗಿಯ ಮದ್ದುಗುಂಡು

1857ರ ದಂಗೆಯ ಬೆನ್ನಲ್ಲೇ ಬ್ರಿಟಿಷ್ ಸರಕಾರ ಜಾರಿಗೆ ತಂದ ನಿಶ್ಶಸ್ತ್ರೀಕರಣ ಕಾನೂನು ಮುಂಬೈ ಕರ್ನಾಟಕದಲ್ಲಿ ದೊಡ್ಡ ಅಸಮಾಧಾನಕ್ಕೆ ಕಾರಣವಾಗಿತ್ತು. ಹಲಗಲಿಯ ಬೇಡರು 1857ರ ನವೆಂಬರಿನಲ್ಲಿಯೇ ಸಿಡಿದೆದ್ದಿದ್ದರು. ನರಗುಂದದ ಸಂಸ್ಥಾನಿಕ ಭಾಸ್ಕರರಾವ್ ಭಾವೆ, ಅಂದರೆ ಜನರ ಬಾಯಲ್ಲಿ ಬಾಬಾಸಾಹೇಬ, ದತ್ತಕದ ಹಕ್ಕನ್ನು ಸರಕಾರ ನಿರಾಕರಿಸಿದ್ದರಿಂದ ಕುದಿಯುತ್ತಿದ್ದ. ಮುಂಡರಗಿಯ ಭೀಮರಾವ್ ನಾಡಗೀರ ಈ ಅಸಮಾಧಾನಿತರ ನಡುವಿನ ಕೊಂಡಿಯಾಗಿದ್ದ. ಆತನ ಜತೆಗಾರನೇ ಹಮ್ಮಿಗಿ ಕೆಂಚನಗೌಡ.

ಹಮ್ಮಿಗಿಯಲ್ಲಿ ಕೂಡಿಟ್ಟಿದ್ದ ಶಸ್ತ್ರಾಸ್ತ್ರ, ಮದ್ದುಗುಂಡುಗಳ ಸುಳಿವು ಸರಕಾರಿ ನೌಕರರಿಗೆ ಸಿಕ್ಕಿ, ಅವುಗಳಿಗೆ ಮುದ್ರೆ ಹಾಕಿ ಕಾವಲಿಡಲಾಯಿತು. ಯೋಜನೆಯ ಲೆಕ್ಕಾಚಾರ ತಪ್ಪಿದ್ದು ಇಲ್ಲಿಯೇ. ಎಲ್ಲರೂ ಒಟ್ಟಿಗೆ ಏಳಬೇಕಾಗಿದ್ದ ಬಂಡಾಯವನ್ನು ಭೀಮರಾಯ ಅವಧಿಗೆ ಮುನ್ನವೇ ಆರಂಭಿಸಬೇಕಾಯಿತು. ಕಾವಲಿನವರ ಮೇಲೆ ಬಿದ್ದು ಮದ್ದುಗುಂಡನ್ನು ಮರಳಿ ಪಡೆದು, ಡಂಬಳದ ಖಜಾನೆಯನ್ನು ಲೂಟಿ ಮಾಡಿ, ತಂಡ ಪೂರ್ವಕ್ಕೆ ತಿರುಗಿತು. ಮುಂಡರಗಿಯಿಂದ ನಲವತ್ತು ಕಿಲೋಮೀಟರ್ ಆಸುಪಾಸಿನಲ್ಲಿದ್ದ ಕೊಪ್ಪಳ ಆಗ ಬ್ರಿಟಿಷರ ನೇರ ಆಡಳಿತದಲ್ಲಿರಲಿಲ್ಲ. ಅದು ನಿಜಾಮನ ಸೀಮೆಗೆ ಸೇರಿದ ಸಾಲಾರಜಂಗ್ ಜಹಗೀರು. ಗಡಿ ದಾಟಿದರೆ ಧಾರವಾಡದ ಕಲೆಕ್ಟರನ ಕೈ ಒಂದಷ್ಟು ತಡವಾಗಿ ತಲುಪುತ್ತದೆ ಎಂಬುದೊಂದು ಲೆಕ್ಕ. ಇನ್ನೊಂದು ಲೆಕ್ಕ, ಬಂಡೆ.

ಆರು ತಿಂಗಳು ಮತ್ತು ಒಂದು ದಿನ

ಕೊಪ್ಪಳದ ಕೋಟೆಗೆ ಸುಲಭವಾಗಿ ಬಗ್ಗದ ಕೋಟೆ ಎಂಬ ಹೆಸರಿತ್ತು. ಒಬ್ಬ ಪಾಳೆಯಗಾರನ ಕೈಯಲ್ಲಿದ್ದ ಅದನ್ನು ಟಿಪ್ಪು ಸುಲ್ತಾನ್ 1786ರಲ್ಲಿ ವಶಪಡಿಸಿಕೊಂಡು, ಫ್ರೆಂಚ್ ಎಂಜಿನಿಯರುಗಳಿಂದ ಬಲಪಡಿಸಿದ. ಮೂರನೇ ಮೈಸೂರು ಯುದ್ಧದಲ್ಲಿ, 1790ರಲ್ಲಿ, ನಿಜಾಮನ ಪಡೆ ಮತ್ತು ಬ್ರಿಟಿಷರ ತುಕಡಿ ಸೇರಿ ಅದಕ್ಕೆ ಮುತ್ತಿಗೆ ಹಾಕಿದವು. ಸುಮಾರು ಆರು ತಿಂಗಳು ಕಳೆದರೂ ಕೋಟೆ ಬಗ್ಗಲಿಲ್ಲ. 1791ರ ಮಾರ್ಚಿನಲ್ಲಿ ಬೆಂಗಳೂರು ಬಿದ್ದ ಸುದ್ದಿ ತಲುಪಿದ ಮೇಲೆ, ಏಪ್ರಿಲ್‌ನಲ್ಲಿ ಕೋಟೆಯವರೇ ಒಪ್ಪಂದಕ್ಕೆ ಬಂದರು. ಪಕ್ಕದ ಬಹದ್ದೂರಬಂಡಿಯ ಬೆಟ್ಟದ ಕೋಟೆಯ ಕಥೆಯೂ ಅದೇ. ಈ ಮುತ್ತಿಗೆಯಲ್ಲಿದ್ದ ಯುವ ಅಧಿಕಾರಿ ಜಾನ್ ಮಾಲ್ಕಮ್ ಮುಂದೆ ಮುಂಬೈ ಗವರ್ನರ್ ಆದವನು. ಭಾರತದಲ್ಲಿ ತಾನು ಕಂಡ ಅತ್ಯಂತ ಬಲವಾದ ಸ್ಥಳ ಇದು ಎಂದು ಆತ ಕೊಪ್ಪಳದ ಬಗ್ಗೆ ಹೇಳಿದ್ದು ಗ್ಯಾಸೆಟಿಯರುಗಳಲ್ಲಿ ದಾಖಲಾಗಿದೆ.

ಅದೇ ಕೋಟೆ 1858ರ ಜೂನ್ 1ರಂದು ಮೇಜರ್ ಹ್ಯೂಸ್ ನೇತೃತ್ವದ ಪಡೆಯ ದಾಳಿಗೆ ಸಿಕ್ಕಿ ಬಿದ್ದಿತು. ಭೀಮರಾಯನೂ ಕೆಂಚನಗೌಡನೂ ಕೋಟೆಯಲ್ಲಿಯೇ ಹತರಾದರು. ಮೂರು ದಿನಗಳ ಹಿಂದೆ, ಮೇ 29ರ ರಾತ್ರಿ, ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದಿದ್ದ ನರಗುಂದದ ಬಾಬಾಸಾಹೇಬನ ಕೋಟೆಯೂ ಅದೇ ಹೊತ್ತಿಗೆ ಬ್ರಿಟಿಷರ ವಶವಾಯಿತು. ಜೂನ್ 12ರಂದು ಬೆಳಗಾವಿಯಲ್ಲಿ ಆತನನ್ನು ಗಲ್ಲಿಗೇರಿಸಲಾಯಿತು.

ಆರು ತಿಂಗಳು ತಡೆದ ಬಂಡೆ ಎರಡನೇ ಸಲ ಅಷ್ಟು ಬೇಗ ಸೋತದ್ದೇಕೆ? ಬಂಡೆ ಬದಲಾಗಿರಲಿಲ್ಲ. ಕಾವಲಿನ ಬಲ ಮಾತ್ರ ಬದಲಾಗಿತ್ತು. ಗ್ರಾನೈಟ್ ಬೆಟ್ಟದ ಕೋಟೆಯನ್ನು ಹಿಡಿದುಕೊಳ್ಳಬೇಕಾದರೆ ಪ್ರತಿಯೊಂದು ಸೀಳಿನ ತಲೆಯಲ್ಲಿ, ಪ್ರತಿಯೊಂದು ಅಗಸಿಯ ಹಿಂದೆ ಆಳು ಇರಬೇಕು. ದೊಣೆಗಳಲ್ಲಿ ನೀರು, ಹಗೇವುಗಳಲ್ಲಿ ಕಾಳು ಇರಬೇಕು. 1790ರ ಕಾವಲುಪಡೆಗೆ ಸಿದ್ಧತೆಗೆ ನಾಲ್ಕು ವರ್ಷ ಸಿಕ್ಕಿತ್ತು. ಭೀಮರಾಯನಿಗೆ ಸಿಕ್ಕಿದ್ದು ಕೆಲವೇ ದಿನ. ಜತೆಗೆ, ಶತ್ರುವನ್ನು ತಡೆಯಲು ಏರುದಾರಿಗಳನ್ನೆಲ್ಲ ಮುಚ್ಚಿ ಒಂದನ್ನೇ ಉಳಿಸುವ ಕೋಟೆ, ಒಳಗಿದ್ದವರಿಗೆ ಇಳಿಯಲೂ ಒಂದೇ ದಾರಿಯನ್ನು ಉಳಿಸುತ್ತದೆ. ಹಮ್ಮಿಗಿಯವರಿಗೆ ಆಸರೆಯಾಗಬೇಕಿದ್ದ ಬಂಡೆಯೇ ಬೋನಾಯಿತು ಎಂದರೆ ತಪ್ಪಾಗಲಾರದು.

ಕಲ್ಲಿನ ಜಾತಿ

ಬಂಡೆ ಏರುವವನಿಗೆ ಮೊದಲು ತಿಳಿದಿರಬೇಕಾದದ್ದು ಕಲ್ಲಿನ ಗುಣ. ಈ ದೃಷ್ಟಿಯಿಂದ ಹಮ್ಮಿಗಿ ಒಂದು ವಿಶೇಷ ಜಾಗದಲ್ಲಿದೆ. ಅದರ ವಾಯವ್ಯಕ್ಕೆ ಕಪ್ಪತಗುಡ್ಡ, ಪೂರ್ವಕ್ಕೆ ಕೊಪ್ಪಳ, ಹಂಪಿಗಳ ಗ್ರಾನೈಟ್ ನಾಡು, ಉತ್ತರಕ್ಕೆ ಗಜೇಂದ್ರಗಡ, ಬಾದಾಮಿಗಳ ಮರಳುಗಲ್ಲಿನ ಸೀಮೆ. ಅರ್ಧ ದಿನದ ಪ್ರಯಾಣದೊಳಗೆ ಮೂರು ಬೇರೆ ಬೇರೆ ಶಿಲೆಗಳು.

ಕಪ್ಪತಗುಡ್ಡದ ಕಲ್ಲು ಪದರಶಿಲೆ. ನಡುನಡುವೆ ಕಬ್ಬಿಣದ ಅದಿರಿನ ಪಟ್ಟೆಗಳು. 20ನೇ ಶತಮಾನದ ಆರಂಭದಲ್ಲಿ ಇಲ್ಲಿ ಚಿನ್ನದ ಗಣಿ ತೋಡಿದ್ದೂ ಉಂಟು. ಈ ಕಲ್ಲು ಹಾಳೆಹಾಳೆಯಾಗಿ ಬಿಡುವಂಥದ್ದು. ಕೈಯಿಟ್ಟ ಅಂಚು ಕೈಯಲ್ಲಿಯೇ ಕಿತ್ತು ಬರಬಹುದು. ಆದ್ದರಿಂದ ಕಪ್ಪತಮಲ್ಲೇಶ್ವರನ ದರ್ಶನಕ್ಕೆ, ಗಾಳಿಗುಂಡಿ ಬಸವಣ್ಣನ ಕಡೆಗೆ ನಡೆದು ಹೋಗುವ ದಾರಿಗಳು ಇಲ್ಲಿ ಚೆನ್ನ. ಹಗ್ಗ ಹಾಕಿ ಏರುವ ಗೋಡೆಗಳು ಇಲ್ಲಿಲ್ಲ. ಗಣಿಗಾರಿಕೆಯ ವಿರುದ್ಧ ದೀರ್ಘ ಹೋರಾಟ ನಡೆದ ಈ ಗುಡ್ಡ 2019ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾಯಿತು. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಈ ಹೋರಾಟದ ಮುಂಚೂಣಿಯಲ್ಲಿದ್ದವರು. ಘೋಷಣೆಯನ್ನು ನೋಡಲು ಅವರಿರಲಿಲ್ಲ. 2018ರ ಅಕ್ಟೋಬರಿನಲ್ಲಿಯೇ ಲಿಂಗೈಕ್ಯರಾಗಿದ್ದರು.

ಬಾದಾಮಿಯ ಕೆಂಪು ಮರಳುಗಲ್ಲು ಅಡ್ಡ ಪದರಗಳಲ್ಲಿ ಕೂತದ್ದು. ಲಂಬವಾಗಿ ಸೀಳಿ ನಿಂತ ಗೋಡೆಗಳು, ಅವುಗಳಲ್ಲಿ ಬೆರಳು ತೂರುವ ಗುಳಿಗಳು, ಅಂಚುಗಳು. ಏರಲು ಹೇಳಿ ಮಾಡಿಸಿದ ಕಲ್ಲು ಎಂದು ಆರೋಹಿಗಳು ಮೆಚ್ಚುವುದು ಇದಕ್ಕಾಗಿ. ಆದರೆ ಮಳೆ ಬಿದ್ದ ಮೇಲೆ ಮರಳುಗಲ್ಲು ಬಲ ಕಳೆದುಕೊಳ್ಳುತ್ತದೆ. ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ತೇವವಿರುತ್ತದೆ. ಒಂದೆರಡು ದಿನ ಬಿಡದೆ ಏರಿದರೆ ಹಿಡಿತದ ಅಂಚು ಮುರಿಯುತ್ತದೆ, ಮುರಿದ ಅಂಚು ಮತ್ತೆ ಹುಟ್ಟುವುದಿಲ್ಲ.

ಕೊಪ್ಪಳದಿಂದ ಗಂಗಾವತಿ, ಆನೆಗುಂದಿ, ಹಂಪಿಗಳವರೆಗೆ ಹಬ್ಬಿದ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು. ಭೂಮಿಯೊಳಗೆ ಆಳದಲ್ಲಿ ಘನೀಭವಿಸಿದ ಈ ಶಿಲೆ, ಮೇಲಿನ ಹೊರೆ ಸವೆದಂತೆ ಹಿಗ್ಗಿ ಈರುಳ್ಳಿಯಂತೆ ಸಿಪ್ಪೆ ಬಿಡುತ್ತದೆ. ಅಡ್ಡಡ್ಡ, ಉದ್ದುದ್ದ ಬಿರುಕುಗಳಲ್ಲಿ ನೀರಿಳಿದು ಮೂಲೆಗಳು ಸವೆದು ಗುಂಡುಗಳಾಗುತ್ತವೆ. ಒಂದರ ಮೇಲೊಂದು ಯಾರೋ ಪೇರಿಸಿಟ್ಟಂತೆ ಕಾಣುವ ಬಂಡೆಗಳನ್ನು ಯಾರೂ ಪೇರಿಸಿದ್ದಲ್ಲ. ಸುತ್ತಲಿನ ಮಣ್ಣು ಕೊಚ್ಚಿಹೋದ ಮೇಲೆ ಇದ್ದಲ್ಲಿಯೇ ಉಳಿದದ್ದು. ಹೀಗಾಗಿ ಇಲ್ಲಿ ಏರುವವನಿಗೆ ಸಿಗುವುದು ಮೂರು ಬಗೆಯ ನೆಲೆ: ಪಾದದ ಘರ್ಷಣೆಯನ್ನೇ ನಂಬಿ ನಡೆಯಬೇಕಾದ ಹಾಸುಬಂಡೆ, ಕೈಮುಷ್ಟಿ ಇಲ್ಲವೇ ಮುಂಗೈ ತೂರಿಸಿ ಬಿಗಿಹಿಡಿಯುವ ಸೀಳು, ಬೆನ್ನು ಒಂದು ಬದಿಗೆ ಕಾಲು ಇನ್ನೊಂದು ಬದಿಗೆ ಒತ್ತಿ ತೆವಳುವ ಇಕ್ಕಟ್ಟು.

ಕೋಟೆ ಕಟ್ಟಿದವರು ಈ ಮೂರನ್ನೂ ಬಲ್ಲವರು. ಸೀಳುಗಳನ್ನು ಕಲ್ಲುಗೋಡೆಯಿಂದ ಮುಚ್ಚಿದರು. ಗುಂಡುಗಳ ನಡುವಿನ ಇಕ್ಕಟ್ಟಿನಲ್ಲಿ ಅಗಸಿ ಇಟ್ಟರು. ಒಬ್ಬೊಬ್ಬರೇ ಬಗ್ಗಿ ನುಸುಳಬೇಕಾದ ಕಡೆ ಹುಡೇವು ಕಟ್ಟಿ ಮೇಲಿನಿಂದ ಗುರಿ ಹಿಡಿದರು. ಹಾಸುಬಂಡೆಯನ್ನು ಹಾಗೆಯೇ ಬಿಟ್ಟರು, ಏಕೆಂದರೆ ಬಟ್ಟಬಯಲಲ್ಲಿ ಅದನ್ನೇರುವವನು ಮೇಲಿನವರ ಗುಂಡಿಗೆ ನೇರ ಗುರಿ.

ಗುಳಿಯಲ್ಲಿ ಹೆಬ್ಬೆರಳು

ಹಳಬರ ಏರುದಾರಿಯ ಸ್ಪಷ್ಟ ಗುರುತು ಎಂದರೆ ಬಂಡೆಯಲ್ಲಿ ಕಡಿದ ಹೆಜ್ಜೆಗುಳಿ. ಅದು ಮೆಟ್ಟಿಲಲ್ಲ. ಮೆಟ್ಟಿಲಲ್ಲಿ ಇಡೀ ಪಾದ ಊರುತ್ತದೆ. ಗುಳಿಯಲ್ಲಿ ಊರುವುದು ಪಾದದ ಮುಂಭಾಗ ಮಾತ್ರ. ಬೂಟು ಹಾಕಿದವನಿಗಿಂತ ಬರಿಗಾಲಿನವನಿಗೆ ಅನುಕೂಲ. ಚಿತ್ರದುರ್ಗದ ಕೋಟೆಯಲ್ಲಿ ಇಂಥ ಗುಳಿಗಳ ಸಾಲನ್ನು ಇಂದಿಗೂ ಕಾಣಬಹುದು. ಉಳಿ ಸುತ್ತಿಗೆ ಹಿಡಿದ ಕಲ್ಲುಕುಟಿಗ ಮೊದಲ ಗುಳಿಯಲ್ಲಿ ಕಾಲೂರಿ ಮೂರನೆಯದನ್ನು ಕಡಿಯುತ್ತ ಹೋಗಬೇಕು. ಅಂದರೆ ಆ ದಾರಿಯನ್ನು ಮೊದಲು ಏರಿದವನು ಅದನ್ನು ಕಡಿದವನೇ. ಆತನ ಹೆಸರು ಯಾವ ಶಾಸನದಲ್ಲಿಯೂ ಇಲ್ಲ.

ಚಿತ್ರದುರ್ಗದ ಓಬವ್ವನ ಕಿಂಡಿಯ ಕಥೆ ನಾಡಿಗೆಲ್ಲ ಗೊತ್ತು. ಹೈದರಾಲಿಯ ಸೈನಿಕರು ಬಂಡೆಯ ನಡುವಿನ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳಿದರು, ಕಾವಲುಗಾರನ ಹೆಂಡತಿ ಒನಕೆ ಹಿಡಿದು ನಿಂತಳು. ವೀರಗಾಥೆಯಾಗಿ ಅದನ್ನು ಕೇಳಿದವರು ಅದರಲ್ಲಿರುವ ಇನ್ನೊಂದು ಮಾತನ್ನು ಗಮನಿಸುವುದಿಲ್ಲ. ಕೋಟೆಯ ಬಲ ಗೋಡೆಯ ದಪ್ಪದಲ್ಲಿಲ್ಲ, ಮುಚ್ಚದೆ ಬಿಟ್ಟ ಸೀಳು ಎಲ್ಲಿದೆ ಎಂಬ ಅರಿವಿನಲ್ಲಿದೆ. ಕಾರ್ನ್‌ವಾಲಿಸನ ಸೈನ್ಯ 1791ರ ಡಿಸೆಂಬರ್ 21ರಂದು ಮಾಗಡಿ ಬಳಿಯ ಸಾವನದುರ್ಗವನ್ನು ಹಿಡಿದದ್ದೂ ಏರಲಾಗದೆಂದು ಹೆಸರಾದ ಬಂಡೆಯನ್ನು ಏರಿಯೇ. ಇದೇ ಸಾವನದುರ್ಗದ ಹಾಸುಬಂಡೆ ಈಗ ಬೆಂಗಳೂರಿನ ಆರೋಹಿಗಳ ಪಾಠಶಾಲೆ.

ಉಡಕ್ಕೆ ಹಗ್ಗ ಕಟ್ಟಿ ಗೋಡೆಗೆ ಎಸೆದು, ಅದು ಕಚ್ಚಿಕೊಂಡಾಗ ಹಗ್ಗ ಹಿಡಿದು ಏರುತ್ತಿದ್ದರು ಎಂಬ ಮಾತು ಉತ್ತರ ಕರ್ನಾಟಕದ ಕೋಟೆಕೋಟೆಯಲ್ಲಿಯೂ ಕೇಳಿಬರುತ್ತದೆ. ಮಹಾರಾಷ್ಟ್ರದ ಸಿಂಹಗಡದ ತಾನಾಜಿಯ ಕಥೆಯಲ್ಲಿಯೂ ಉಡವಿದೆ. ಒಂದು ಉಡ ಆಳಿನ ಭಾರವನ್ನು ತಡೆಯುತ್ತದೆ ಎಂಬುದು ನಂಬಲು ಕಷ್ಟ. ಮೊದಲು ಬರಿಗೈಯಲ್ಲಿ ಏರಿ ಹಗ್ಗ ಇಳಿಬಿಟ್ಟ ಆಳನ್ನೇ ಜನ ಉಡವೆಂದು ಕರೆದಿರಬಹುದೇನೋ. ಚಿತ್ರದುರ್ಗದ ಕೋಟೆಗೋಡೆಯನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜ್ ಅವರನ್ನು ನಮ್ಮ ಕಾಲದ ಜನ 'ಕೋತಿರಾಜ್' ಎಂದು ಕರೆದಂತೆ. ಅಂದಹಾಗೆ ಉಡ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ. ಹಿಡಿಯುವುದೇ ಅಪರಾಧ.

ಅಶೋಕನ ಶಾಸನದ ಏರು

ಕೊಪ್ಪಳದಲ್ಲಿ ಕೋಟೆಗಿಂತ ಎಷ್ಟೋ ಹಳೆಯದಾದ ಏರುದಾರಿ ಪಾಲ್ಕಿಗುಂಡಿನದು. ಊರಿನ ಪಶ್ಚಿಮದ ಬೆಟ್ಟದ ತುದಿಯಲ್ಲಿ ಎರಡು ಗುಂಡುಗಳ ಮೇಲೆ ಚಪ್ಪಡಿಯಂಥ ದೊಡ್ಡ ಬಂಡೆಯೊಂದು ಕೂತು ಪಲ್ಲಕ್ಕಿಯಂತೆ ಕಾಣುತ್ತದೆ. ಹೆಸರು ಬಂದದ್ದು ಅದರಿಂದ. ಆ ಬಂಡೆಯ ನೆರಳಿನಲ್ಲಿ ಅಶೋಕ ಚಕ್ರವರ್ತಿಯ ಕಿರು ಶಿಲಾಶಾಸನವಿದೆ. ಇದನ್ನೂ, ಗವಿಮಠದ ಬೆಟ್ಟದ ಮೇಲಿರುವ ಮತ್ತೊಂದು ಪ್ರತಿಯನ್ನೂ 1931ರಲ್ಲಿ ಕೊಪ್ಪಳದ ಎನ್.ಬಿ. ಶಾಸ್ತ್ರಿ ಬೆಳಕಿಗೆ ತಂದರು. ಮರುವರ್ಷವೇ ಆರ್.ಎಲ್. ಟರ್ನರ್ ಅವುಗಳ ಪಾಠವನ್ನು ಹೈದರಾಬಾದ್ ಪುರಾತತ್ವ ಮಾಲೆಯಲ್ಲಿ ಪ್ರಕಟಿಸಿದರು. ಅಶೋಕನ ಹೆಸರನ್ನೇ ಹೊತ್ತ ಮಸ್ಕಿಯ ಶಾಸನ 1915ರಲ್ಲಿ ಸಿಕ್ಕಿ ಹದಿನಾರು ವರ್ಷಗಳಾಗಿದ್ದವು.

ಎರಡು ಶಾಸನಗಳ ಈಗಿನ ಸ್ಥಿತಿ ಏರುದಾರಿಯ ದೃಷ್ಟಿಯಿಂದ ಕುತೂಹಲಕರ. ಗವಿಮಠದ ಶಾಸನ ಓದಲು ಬರುವಂತಿದೆ. ಪಾಲ್ಕಿಗುಂಡಿನದು ಬಹುತೇಕ ಸವೆದು ಹೋಗಿ ಅಲ್ಲಲ್ಲಿ ಅಕ್ಷರಗಳು ಮಾತ್ರ ಉಳಿದಿವೆ. ಕ್ರಿ.ಪೂ. 3ನೇ ಶತಮಾನದಲ್ಲಿ ಬ್ರಾಹ್ಮಿ ಲಿಪಿ ಬಲ್ಲ ಒಬ್ಬ ಬರಹಗಾರ, ಉಳಿ ಹಿಡಿದ ಒಬ್ಬ ಕುಟಿಗ ಅಷ್ಟು ಎತ್ತರಕ್ಕೆ ಏರಿ ಕೆಲಸ ಮಾಡಿದ್ದೇಕೆ? ದಾರಿಹೋಕರು ಓದಲೆಂದು ಕೊರೆಸಿದ ಆಜ್ಞೆಯನ್ನು ದಾರಿಹೋಕರು ತಲುಪಲಾಗದ ಕಡೆ ಇಟ್ಟದ್ದೇಕೆ? ಸಹಜವಾದ ಉತ್ತರವೆಂದರೆ ಆ ಎತ್ತರ ಆಗ ನಿರ್ಜನವಾಗಿರಲಿಲ್ಲ, ಜನ ಏರುತ್ತಿದ್ದರು ಎಂಬುದೇ. ಬೆಟ್ಟದ ಮೇಲೆ ಜನ ಸೇರುವ ಜಾಗ ಮೊದಲೇ ಇದ್ದರೆ, ಅಲ್ಲಿಗೆ ಹೋಗುವ ದಾರಿ ಅಶೋಕನಿಗಿಂತಲೂ ಹಿಂದಿನದು.

ನಂತರದ ಶತಮಾನಗಳಲ್ಲಂತೂ ಈ ಬೆಟ್ಟಗಳು ಜೈನರ ಮಹಾತೀರ್ಥವಾದವು. 'ಕೊಪಣ' ಎಂಬ ಹೆಸರಿನಲ್ಲಿ 'ಕವಿರಾಜಮಾರ್ಗ' ಈ ಊರನ್ನು ತಿರುಳ್ಗನ್ನಡದ ನಾಡಿನ ಗುರುತುಗಳಲ್ಲಿ ಒಂದಾಗಿ ಹೆಸರಿಸಿದೆ. ಅದೇ ಸಾಲಿನ ಇನ್ನೊಂದು ಊರು ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರ. ಲಕ್ಕುಂಡಿಯ ದಾನಚಿಂತಾಮಣಿ ಅತ್ತಿಮಬ್ಬೆಯ ಪಾವಿತ್ರ್ಯವನ್ನು ಹೇಳಲು ರನ್ನ ಕೊಪಣದ ಬೆಟ್ಟವನ್ನೇ ಹೋಲಿಕೆಗೆ ತಂದ. 'ವರಾಂಗಚರಿತ' ಬರೆದ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯ ಎಂಬವನು ಮಾಡಿಸಿದನೆಂಬ ಕನ್ನಡ ಶಾಸನ, ಕೊರೆದ ಪಾದಗಳ ಸಮೇತ, ಪಾಲ್ಕಿಗುಂಡಿನ ಬಳಿಯೇ ಬಂಡೆಯ ಮೇಲಿದೆ. ಸಲ್ಲೇಖನ ವ್ರತ ಹಿಡಿದು ಆಹಾರ ತೊರೆದವರು ಈ ಬಂಡೆಗಳನ್ನು ಏರಿದರು. ಅವರಿಗೆ ಇಳಿಯುವ ದಾರಿ ಬೇಕಿರಲಿಲ್ಲ.

'ಟ್ರ್ಯಾಡ್' ಎಂದರೇನು

ಆಧುನಿಕ ಶಿಲಾರೋಹಣದಲ್ಲಿ 'ಸಾಂಪ್ರದಾಯಿಕ' ಎಂಬ ಪದಕ್ಕೆ ನಿರ್ದಿಷ್ಟ ಅರ್ಥವಿದೆ. ಆರೋಹಿಗಳು ಅದನ್ನು ಚುಟುಕಾಗಿ 'ಟ್ರ್ಯಾಡ್' ಎನ್ನುತ್ತಾರೆ. ಬಂಡೆಯನ್ನು ಕೊರೆದು ಮೊದಲೇ ಬೋಲ್ಟು ಹೊಡೆದಿಟ್ಟ ದಾರಿಯಲ್ಲಿ ಹಗ್ಗ ಸಿಕ್ಕಿಸುತ್ತ ಹೋಗುವುದು 'ಸ್ಪೋರ್ಟ್' ಆರೋಹಣ. ಟ್ರ್ಯಾಡ್‌ನಲ್ಲಿ ಬಂಡೆಗೆ ಏನನ್ನೂ ಹೊಡೆಯುವುದಿಲ್ಲ. ಮುಂದಾಳು ಏರುತ್ತ ಏರುತ್ತ ಸೀಳುಗಳಲ್ಲಿ ಲೋಹದ ಬೆಣೆಯಂಥ 'ನಟ್'ಗಳನ್ನು, ಸ್ಪ್ರಿಂಗಿನಿಂದ ಅರಳಿ ಗೋಡೆಗೆ ಒತ್ತಿ ನಿಲ್ಲುವ 'ಕ್ಯಾಮ್'ಗಳನ್ನು ಕೂರಿಸಿ ಅದಕ್ಕೆ ಹಗ್ಗ ಸಿಕ್ಕಿಸುತ್ತಾನೆ. ಕೆಳಗಿರುವ ಜತೆಗಾರ ಹಗ್ಗ ಬಿಡುತ್ತ ಕಾಯುತ್ತಾನೆ. ಮುಂದಾಳು ತಲುಪಿದ ಮೇಲೆ ಜತೆಗಾರ ಅವೆಲ್ಲವನ್ನೂ ಕಿತ್ತುಕೊಂಡು ಏರುತ್ತಾನೆ. ಇಬ್ಬರೂ ದಾಟಿದ ಮೇಲೆ ಬಂಡೆಯ ಮೇಲೆ ಕುರುಹು ಉಳಿಯಬಾರದು. ಕ್ಯಾಮ್ ಬಳಕೆಗೆ ಬಂದದ್ದು 1970ರ ದಶಕದ ಕೊನೆಯಲ್ಲಿ, ಅಮೆರಿಕದ ರೇ ಜಾರ್ಡಿನ್ ರೂಪಿಸಿದ 'ಫ್ರೆಂಡ್ಸ್' ಎಂಬ ಸಾಧನದೊಂದಿಗೆ. ಅದಕ್ಕೂ ಮೊದಲು ಕಬ್ಬಿಣದ ಮೊಳೆಗಳನ್ನು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಹೊಡೆದು ಕಿತ್ತ ಜಾಗದಲ್ಲೆಲ್ಲ ಕಲ್ಲು ಗಾಯಗೊಳ್ಳುತ್ತಿತ್ತು.

ಮುಂದಾಳು ಬಿದ್ದರೆ, ಕೊನೆಯ ಬೆಣೆಯಿಂದ ಎಷ್ಟು ಮೇಲೆ ಏರಿದ್ದಾನೋ ಅದರ ಎರಡರಷ್ಟು ಕೆಳಗೆ ಬೀಳುತ್ತಾನೆ. ಜತೆಗೆ ಹಗ್ಗದ ಹಿಗ್ಗು ಬೇರೆ. ಈ ಸರಳ ಗಣಿತ ತಿಳಿಯದೆ, ಅಂಗಡಿಯಲ್ಲಿ ಕೊಂಡ ನೈಲಾನ್ ಹಗ್ಗ ಸೊಂಟಕ್ಕೆ ಕಟ್ಟಿ ಬಂಡೆಗೆ ಹೊರಡುವುದು ಆತ್ಮಹತ್ಯೆಗೆ ಸಮ. ಬೀಳುವ ಭಾರವನ್ನು ಹೀರಿಕೊಳ್ಳಲೆಂದೇ ತಯಾರಾದ ಹಿಗ್ಗುವ ಹಗ್ಗ, ಸೊಂಟಪಟ್ಟಿ, ಹೆಲ್ಮೆಟ್ ಇಲ್ಲದೆ ಏರಬಾರದು.

ನೆರೆಹೊರೆಯ ಅನುಭವ

ಕೊಪ್ಪಳದ ಬೆಟ್ಟಗಳು ಆರೋಹಿಗಳ ಕಣ್ಣಿಗೆ ಅಷ್ಟಾಗಿ ಬೀಳದಿರಲು ಕಾರಣ ಅಕ್ಕಪಕ್ಕದ ಎರಡು ದೊಡ್ಡ ಹೆಸರುಗಳು. 2003ರಲ್ಲಿ ಅಮೆರಿಕದ ಆರೋಹಿ ಕ್ರಿಸ್ ಶರ್ಮಾ ಮತ್ತು ಸಂಗಡಿಗರು ಹಂಪಿಯ ಗುಂಡುಗಳನ್ನು ಏರುವ 'ಪಿಲ್‌ಗ್ರಿಮೇಜ್' ಚಿತ್ರ ಬಂದ ಮೇಲೆ ಹಂಪಿ 'ಬೌಲ್ಡರಿಂಗ್'ಗೆ, ಅಂದರೆ ಹಗ್ಗವಿಲ್ಲದೆ ಗಿಡ್ಡ ಗುಂಡುಗಳನ್ನು ಏರುವ ಆಟಕ್ಕೆ, ಜಗತ್ತಿನಲ್ಲಿ ಹೆಸರಾಯಿತು. ಆರೋಹಿಗಳ ತಂಗುದಾಣವಾಗಿದ್ದ ವಿರೂಪಾಪುರಗಡ್ಡೆಯ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ಆದೇಶದ ಬಳಿಕ 2020ರಲ್ಲಿ ತೆರವುಗೊಳಿಸಲಾಯಿತು. ಬಾದಾಮಿಯ ಮರಳುಗಲ್ಲಿನ ಗೋಡೆಗಳಲ್ಲಿ ಬೋಲ್ಟು ಹೊಡೆದ ದಾರಿಗಳೂ ಇವೆ, ಸೀಳಿನ ಟ್ರ್ಯಾಡ್ ದಾರಿಗಳೂ ಇವೆ. ರಾಜ್ಯ ಸರಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಯುವಜನರಿಗೆ ಶಿಲಾರೋಹಣದ ತರಬೇತಿ ನೀಡುತ್ತದೆ.

ಬಾದಾಮಿ, ಹಂಪಿಗಳ ಅನುಭವದಿಂದ ಕಲಿಯಬೇಕಾದದ್ದೂ ಇದೆ. ಸ್ಮಾರಕದ ಮಗ್ಗುಲಿನ ಬಂಡೆ ಕೇವಲ ಬಂಡೆಯಲ್ಲ. ಬೆವರು ಹೀರಲು ಕೈಗೆ ಹಚ್ಚುವ ಮೆಗ್ನೀಶಿಯಂ ಪುಡಿಯ ಬಿಳಿ ಕಲೆ, ಬೋಲ್ಟಿಗೆ ಕೊರೆದ ತೂತು, ಹೆಸರು ಗೀಚಿದ ಬಣ್ಣ, ಇವೆಲ್ಲ ಪ್ರಾಚೀನ ಬರಹ, ಚಿತ್ರಗಳಿರುವ ಕಲ್ಲಿನ ಮೇಲೆ ಬೀಳುವ ಸಾಧ್ಯತೆ ಇದ್ದೇ ಇದೆ. ಕೊಪ್ಪಳದ ಅಶೋಕನ ಶಾಸನ ತಾಣಗಳು ಕೇಂದ್ರದ ಸಂರಕ್ಷಣೆಯಲ್ಲಿವೆ. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 2 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶವಿದೆ. ಸುತ್ತಲಿನ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ.

ಇನ್ನೊಂದು ಅಪಾಯ ಆರೋಹಿಗಳದ್ದಲ್ಲ. ಗ್ರಾನೈಟಿಗೆ ಬೆಲೆ ಬಂದ ಮೇಲೆ ಸಂರಕ್ಷಣೆಯ ಗೆರೆಯ ಹೊರಗಿನ ಗುಡ್ಡಗಳಿಗೆ ಕಾವಲಿಲ್ಲ. ಹೆಜ್ಜೆಗುಳಿ, ಹಾಳು ಗೋಡೆ, ಬಸದಿಯ ಅಡಿಪಾಯಗಳಿರುವ ಗುಂಡನ್ನು ಒಡೆದ ಮೇಲೆ ಅಲ್ಲೊಂದು ದಾರಿ ಇತ್ತೆಂದು ಹೇಳಲು ಏನೂ ಉಳಿಯುವುದಿಲ್ಲ. ಶಾಸನಗಳಿಗೆ ಪಟ್ಟಿ ಇದೆ, ಗುಡಿಗಳಿಗೆ ಪಟ್ಟಿ ಇದೆ. ಏರುದಾರಿಗಳಿಗೂ ಒಂದು ಪಟ್ಟಿ ಬೇಕು. ಕಾಲೇಜಿನ ಇತಿಹಾಸ ವಿಭಾಗ ಮತ್ತು ಸ್ಥಳೀಯ ಚಾರಣಿಗರು ಕೂಡಿದರೆ ಒಂದು ಚಳಿಗಾಲದಲ್ಲಿ ಮುಗಿಯುವ ಕೆಲಸ ಇದು. ಬೇಕಾಗುವುದು ಅಳತೆಪಟ್ಟಿ, ಕ್ಯಾಮೆರಾ ಮತ್ತು ಹಳ್ಳಿಯ ಹಿರಿಯರ ಮಾತನ್ನು ಕೇಳುವ ತಾಳ್ಮೆ.

ಹೋಗುವವರಿಗೆ

ಹುಬ್ಬಳ್ಳಿ, ಗದಗ, ಹೊಸಪೇಟೆ ರೈಲುಮಾರ್ಗದಲ್ಲಿ ಕೊಪ್ಪಳ ನಿಲ್ದಾಣವಿದೆ. ಹಮ್ಮಿಗಿ ಕಡೆಯಿಂದ ಬರುವವರು ಮುಂಡರಗಿ ಮೂಲಕ ರಸ್ತೆ ಹಿಡಿಯಬೇಕು. ನವೆಂಬರಿನಿಂದ ಫೆಬ್ರುವರಿವರೆಗೆ ಏರಲು ತಕ್ಕ ಕಾಲ. ಮಾರ್ಚ್ ಬಂತೆಂದರೆ ಬೆಳಿಗ್ಗೆ ಹತ್ತರ ಹೊತ್ತಿಗೇ ಬಂಡೆ ಹೆಂಚಿನಂತೆ ಕಾಯುತ್ತದೆ. ಮಳೆಗಾಲದಲ್ಲಿ ಕಲ್ಲಹೂವಿನ ಲೋಳೆಯಿಂದ ಹಾಸುಬಂಡೆ ಜಾರುತ್ತದೆ. ಜನವರಿಯ ಗವಿಸಿದ್ಧೇಶ್ವರ ಜಾತ್ರೆಯ ದಿನಗಳಲ್ಲಿ ಊರು ಲಕ್ಷಾಂತರ ಭಕ್ತರಿಂದ ತುಂಬುವುದರಿಂದ ಏರುವ ಉದ್ದೇಶದಿಂದ ಹೋಗುವವರು ಬೇರೆ ದಿನ ನೋಡಿಕೊಳ್ಳುವುದು ಲೇಸು.

ಮೇಲ್ಚಾಚಿದ ಬಂಡೆಗಳ ಅಡಿಯಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಹೊಗೆ, ಸುಗಂಧ, ಗದ್ದಲ ಮೂರೂ ಅಪಾಯ. ಜೇನೆದ್ದಾಗ ಹಗ್ಗಕ್ಕೆ ಸಿಕ್ಕಿಕೊಂಡವನಿಗೆ ಓಡಲು ದಾರಿಯಿಲ್ಲ. ಆದ್ದರಿಂದ ಏರುವ ಮುನ್ನ ಇಡೀ ಗೋಡೆಯನ್ನು ಕೆಳಗಿನಿಂದಲೇ ನೋಡಿಕೊಳ್ಳಬೇಕು. ಕುರಿ ಮೇಯಿಸುವವರನ್ನು ಕೇಳಿದರೆ ಜೇನು ಎಲ್ಲಿದೆ, ಚಿರತೆ ಎಲ್ಲಿ ಕಂಡಿತ್ತು, ಯಾವ ಗುಂಡು ಅಲುಗಾಡುತ್ತದೆ ಎಂಬುದೆಲ್ಲ ನಕ್ಷೆಗಿಂತ ಖಚಿತವಾಗಿ ಗೊತ್ತಾಗುತ್ತದೆ. ಕಪ್ಪತಗುಡ್ಡದಲ್ಲಿ ಕಾಡಿನೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಶಾಸನದ ಬಂಡೆಗಳ ಮೇಲೆ ಹಗ್ಗ ಹಾಕುವುದಾಗಲಿ, ಬೆಣೆ ಕೂರಿಸುವುದಾಗಲಿ ಸಲ್ಲದು. ಅಲ್ಲಿಗೆ ನಡೆದು, ಕೈಯೂರಿ ಏರಿ, ನೋಡಿ ಇಳಿಯಬೇಕು. ಇಳಿಯುವಾಗ ಬಂಡೆಯ ಕಡೆಗೆ ಮುಖ ಮಾಡಿ, ಮೂರು ಅಂಗ ಊರಿದ ಮೇಲೆಯೇ ನಾಲ್ಕನೆಯದನ್ನು ಕದಲಿಸುವುದು ಹಳಬರ ಕ್ರಮ. ಏರುವುದಕ್ಕಿಂತ ಇಳಿಯುವುದಕ್ಕೆ ಹೆಚ್ಚು ಹೊತ್ತು ಬೇಕು. ಸೂರ್ಯ ಮುಳುಗಲು ಎರಡು ತಾಸು ಇರುವಾಗಲೇ ಹೊರಟರೆ ಬೆಳಕಿದ್ದಂತೆಯೇ ಬುಡ ಮುಟ್ಟಬಹುದು.